ತೊಲೆ, ಕಲ್ಲು, ಅಂಗಳ: ಇಂಗ್ಲೆಂಡಿನ ಹಳೇ ಇನ್‌ಗಳಲ್ಲಿ ಒಂದು ಸುತ್ತು

ಗುರುವಾರ, ಸದರ್ಕ್

ಇಂಗ್ಲೆಂಡಿಗೆ ಹೋದವರು ಅರಮನೆ ನೋಡುತ್ತಾರೆ, ಚರ್ಚು ನೋಡುತ್ತಾರೆ. ನನಗೆ ಅಲ್ಲಿನ ಹಳೇ ಇನ್‌ಗಳನ್ನು ನೋಡುವ ಆಸೆ. ದಾರಿಹೋಕರಿಗೆ ಊಟ, ಹಾಸಿಗೆ, ಅವರ ಕುದುರೆಗೆ ಹುಲ್ಲು ನೀರು ಕೊಡುತ್ತಿದ್ದ ಮನೆಗಳು ಇವು. ನಾನು ಪಾಲಿಟೆಕ್ನಿಕ್‌ನಲ್ಲಿ ಕಟ್ಟಡ ನಿರ್ಮಾಣದ ಪಾಠ ಮಾಡುವವಳು. ಎಲ್ಲಿಗೆ ಹೋದರೂ ತೊಲೆ ಎಲ್ಲಿ ಕೂತಿದೆ, ಭಾರ ಎಲ್ಲಿಗೆ ಇಳಿಯುತ್ತದೆ ಅಂತ ಕಣ್ಣು ಹುಡುಕುತ್ತದೆ. ಅರಮನೆಯನ್ನು ರಾಜ ತನಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳುತ್ತಾನೆ. ಇನ್‌ನ ಆಕಾರವನ್ನು ಮಾತ್ರ ಬರುವವರೇ ತೀರ್ಮಾನ ಮಾಡುತ್ತಾರೆ. ನಡೆದು ಬರುತ್ತಾರಾ, ಗಾಡಿಯಲ್ಲಿ ಬರುತ್ತಾರಾ, ಜೊತೆಗೆ ಮೂಟೆ ಇದೆಯಾ, ಎಷ್ಟು ದಿನ ಇರುತ್ತಾರೆ ಅನ್ನುವುದರ ಮೇಲೆ ಬಾಗಿಲು, ಅಂಗಳ, ಮೆಟ್ಟಿಲು ಎಲ್ಲ ನಿಂತಿರುತ್ತದೆ.

ಮೇ ತಿಂಗಳ ಕೊನೆಯ ವಾರ. ತಮ್ಮ ಸ್ವಿಂಡನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನು ರಜೆ ಹಾಕಿದ್ದ, ಕಾರಿತ್ತು. ಹಳ್ಳಿಗಳ ಕಡೆಗೆ ಹೊರಡುವ ಮೊದಲು ಲಂಡನ್‌ನಲ್ಲೇ ಇರುವ ಒಂದನ್ನು ನೋಡಿಕೊಂಡು ಹೋಗೋಣ ಅಂದೆ.

ಲಂಡನ್ ಬ್ರಿಡ್ಜ್ ಸ್ಟೇಷನ್‌ನಿಂದ ಬರೋ ಹೈ ಸ್ಟ್ರೀಟ್ ಹಿಡಿದು ತೆಂಕಣಕ್ಕೆ ಸ್ವಲ್ಪ ನಡೆದರೆ ಎಡಗಡೆ ಒಂದು ಕಿರಿದಾದ ದಾರಿ. ಒಳಗೆ ಹೋದರೆ ಜಾರ್ಜ್ ಇನ್. ಗಾಜಿನ ಎತ್ತರದ ಕಟ್ಟಡಗಳ ನಡುವೆ ಮರದ ಉದ್ದನೆಯ ಮೊಗಸಾಲೆಗಳು, ಒಂದರ ಮೇಲೊಂದು. 1676ರ ಬೆಂಕಿಯಲ್ಲಿ ಇಲ್ಲಿದ್ದ ಹಳೆಯದು ಸುಟ್ಟುಹೋಯಿತು. ಮರುವರ್ಷವೇ ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದರು. ಒಂದು ಕಾಲದಲ್ಲಿ ಇದು ನಮ್ಮ ತೊಟ್ಟಿ ಮನೆಯ ಹಾಗೆ ಅಂಗಳವನ್ನು ಸುತ್ತುವರಿದಿತ್ತು. ಗಾಡಿಗಳು ನೇರ ಒಳಗೆ ಬರುತ್ತಿದ್ದವು. ಕೆಳಗೆ ಕುದುರೆ, ಸಾಮಾನು. ಮೇಲೆ ಮೊಗಸಾಲೆಯ ಉದ್ದಕ್ಕೂ ಮಲಗುವ ಕೋಣೆಗಳ ಬಾಗಿಲುಗಳು. ಕೋಣೆಯಿಂದ ಕೋಣೆಗೆ ಹೋಗಲು ಒಳಗೆ ದಾರಿ ಮಾಡುವ ಬದಲು ಹೊರಗೇ ಮಾಡಿದ್ದಾರೆ, ಆದ್ದರಿಂದ ಒಳಗಿನ ಜಾಗ ಉಳಿಯುತ್ತದೆ. 1889ರಲ್ಲಿ ರೈಲ್ವೆ ಕಂಪನಿ ತನ್ನ ಗೋದಾಮಿಗೋಸ್ಕರ ಉಳಿದ ಭಾಗಗಳನ್ನು ಕೆಡವಿ ಹಾಕಿತು. ಈಗ ಉಳಿದಿರುವುದು ಒಂದೇ ಬದಿ. 1937ರಿಂದ, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿದೆ. ಇಡೀ ಲಂಡನ್‌ನಲ್ಲಿ ಮೊಗಸಾಲೆ ಇರುವ ಹಳೇ ಇನ್ ಇದೊಂದೇ.

ಸಂಜೆ ಹೊತ್ತು ಅಂಗಳ ತುಂಬ ಜನ. ಆಫೀಸಿನಿಂದ ಬಂದವರು ಗ್ಲಾಸು ಹಿಡಿದು ನಿಂತೇ ಮಾತಾಡುತ್ತಿದ್ದರು. ಕಟ್ಟಡ ನೋಡಬೇಕು ಅನ್ನುವವರು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ನಾವು ಜನರ ನಡುವೆ ಸಂದಿ ಮಾಡಿಕೊಂಡು ಮೊಗಸಾಲೆಯ ಕಂಬಗಳನ್ನು ಅಷ್ಟಿಷ್ಟು ನೋಡಿ ರೈಲು ಹತ್ತಿದೆವು.

ಶುಕ್ರವಾರ, ನಾರ್ಟನ್ ಸೇಂಟ್ ಫಿಲಿಪ್

ಈ ಸುತ್ತಾಟದಲ್ಲಿ ನಾನು ಮುಖ್ಯವಾಗಿ ನೋಡಬೇಕು ಅಂದುಕೊಂಡಿದ್ದು ಇದನ್ನೇ. ಬಾತ್ ನಗರದ ತೆಂಕಣಕ್ಕೆ ಹನ್ನೊಂದು ಕಿಲೋಮೀಟರ್ ಆಸುಪಾಸಿನಲ್ಲಿ, ಸೋಮರ್‌ಸೆಟ್‌ನ ಒಂದು ಸಣ್ಣ ಊರು. ಕಾರಿಲ್ಲದವರಿಗೆ ಬಾತ್‌ನಿಂದ ಫ್ರೋಮ್ ಕಡೆಗೆ ಹೋಗುವ ಬಸ್ಸಿದೆ.

ತಮ್ಮ ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿದ. ಎರಡೂ ಕಡೆ ಆಳೆತ್ತರದ ಬೇಲಿ, ಅದರ ತುಂಬ ಬಿಳಿ ಹೂವು. ಒಂದೇ ಕಾರು ಹೋಗುವಷ್ಟು ಅಗಲ. ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು, ಹಿಂದೆ ಹುಲ್ಲಿನ ಟ್ರೇಲರ್. ಇಂಥ ಕಡೆ ಟ್ರೇಲರ್ ಇರುವವರು ಹಿಂದೆ ಸರಿಯಲಾರರು, ನಾವೇ ಸರಿಯಬೇಕು. ನೂರು ಮೀಟರ್ ರಿವರ್ಸ್ ಹೋಗಿ ಒಂದು ಹೊಲದ ಗೇಟಿನ ಬಾಯಲ್ಲಿ ಒತ್ತರಿಸಿ ನಿಂತೆವು. ಬೇಲಿಯ ಮುಳ್ಳು ಕಾರಿನ ಬಾಗಿಲಿನ ಉದ್ದಕ್ಕೂ ಗೀರು ಎಳೆಯಿತು. ಟ್ರ್ಯಾಕ್ಟರಿನವನು ಒಂದು ಬೆರಳೆತ್ತಿ ಥ್ಯಾಂಕ್ಸ್ ಹೇಳಿ ಹೋದ. "ಪರವಾಗಿಲ್ಲ ಬಿಡಕ್ಕಾ, ಉಜ್ಜಿದರೆ ಹೋಗತ್ತೆ" ಅಂದ ತಮ್ಮ. ಪೂರ್ತಿ ಹೋಗಲಿಲ್ಲ.

ಊರಿನ ಏರು ಹತ್ತುತ್ತಿದ್ದ ಹಾಗೆ ಜಾರ್ಜ್ ಕಾಣಿಸಿತು. ಕಾರು ನಿಲ್ಲಿಸುವ ತನಕವೂ ನನಗೆ ತಾಳ್ಮೆ ಇರಲಿಲ್ಲ. ಕೆಳ ಅಂತಸ್ತು ಪೂರ್ತಿ ಕಲ್ಲು, ನಡುವೆ ಕಮಾನಿನ ದೊಡ್ಡ ಬಾಗಿಲು. ಅದರ ಮೇಲೆ ಮರದ ಎರಡು ಅಂತಸ್ತು. ಮೊದಲನೆಯದು ಕಲ್ಲಿನ ಗೋಡೆಗಿಂತ ಮುಂದಕ್ಕೆ ಚಾಚಿದೆ, ಎರಡನೆಯದು ಅದಕ್ಕಿಂತಲೂ ಮುಂದಕ್ಕೆ. ಮರದ ಚೌಕಟ್ಟುಗಳ ನಡುವೆ ಕೆನೆ ಬಣ್ಣದ ಗಾರೆ. ಮೊದಲ ಮಹಡಿಯಲ್ಲಿ ಹೊರಕ್ಕೆ ಉಬ್ಬಿದ ಕಿಟಕಿಗಳು. ಚಾವಣಿಗೆ ಕಲ್ಲಿನ ಹೆಂಚು. ಕೆಳಸಾಲಿನಲ್ಲಿ ಅಗಲವಾದ ಹಲಗೆಗಳು, ಮೇಲೆ ಹೋದ ಹಾಗೆ ಸಣ್ಣವು. ಎಲ್ಲಿಯೂ ಒಂದು ನೇರ ಗೆರೆ ಇಲ್ಲ. ಆದರೂ ಕಟ್ಟಡ ಗಟ್ಟಿಯಾಗಿ ನಿಂತಿದೆ.

ಮುಂದಕ್ಕೆ ಚಾಚುವುದು ಬರೀ ಅಂದಕ್ಕೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅದರಲ್ಲಿ ಲೆಕ್ಕ ಇದೆ. ಮಹಡಿಯ ಜಂತೆಗಳನ್ನು ಕೆಳಗಿನ ಗೋಡೆ ದಾಟಿ ಹೊರಕ್ಕೆ ಬಿಟ್ಟು, ಆ ತುದಿಗಳ ಮೇಲೆ ಮೇಲಿನ ಗೋಡೆ ನಿಲ್ಲಿಸುತ್ತಾರೆ. ತುದಿಯ ಮೇಲೆ ಭಾರ ಬಿದ್ದಾಗ ಕೋಣೆಯ ನಡುವೆ ಜಂತೆ ಜೋತುಬೀಳುವುದು ಕಡಿಮೆಯಾಗುತ್ತದೆ. ಮೇಲಿನ ಕೋಣೆಗೆ ಜಾಗ ಜಾಸ್ತಿ ಸಿಗುತ್ತದೆ. ಮಳೆ ನೀರು ಕೆಳಗೋಡೆಗೆ ತಾಗದೆ ಬೀದಿಗೆ ಬೀಳುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟೋ ವರ್ಷ ಹೇಳಿದ್ದೇನೆ. ಇಲ್ಲಿ ತಲೆಯ ಮೇಲೆ ಆ ಜಂತೆಗಳ ತುದಿಗಳು ಸಾಲಾಗಿ ಕಂಡಾಗ ಕೈ ಎತ್ತಿ ಮುಟ್ಟಬೇಕು ಅನ್ನಿಸಿತು.

ಈ ಮನೆ ಇಲ್ಲಿಗೆ ಬಂದ ಕಥೆಯೂ ಚೆನ್ನಾಗಿದೆ. ಪಕ್ಕದ ಹಿಂಟನ್‌ನಲ್ಲಿ ಕಾರ್ತೂಸಿಯನ್ ಸನ್ಯಾಸಿಗಳ ಮಠ ಇತ್ತು. ಸಾಲಿಸ್‌ಬರಿಯ ಕೌಂಟೆಸ್ ಏಲಾ 1232ರಲ್ಲಿ ಸ್ಥಾಪಿಸಿದ್ದು. ಮೌನವಾಗಿ, ಒಬ್ಬೊಬ್ಬರೇ ತಮ್ಮ ತಮ್ಮ ಕೋಣೆಯಲ್ಲಿ ಬದುಕುವ ಸನ್ಯಾಸಿಗಳು ಅವರು. ಆದರೆ ಮಠಕ್ಕೆ ಕುರಿಗಳಿದ್ದವು, ಉಣ್ಣೆ ಇತ್ತು, ಜಾತ್ರೆ ನಡೆಸುವ ಹಕ್ಕಿತ್ತು. ಜಾತ್ರೆಯ ಗದ್ದಲ ಮಠದ ಬಾಗಿಲಲ್ಲಿ ಬೇಡ ಅಂತ ಅದನ್ನು ನಾರ್ಟನ್‌ಗೆ ಸಾಗಿಸಿದರು. ವ್ಯಾಪಾರಿಗಳು ಬಂದು ಇಳಿಯಬೇಕಲ್ಲ, ಉಣ್ಣೆ ಮೂಟೆ ಇಡಬೇಕಲ್ಲ, ಅದಕ್ಕೆ ಈ ಕಟ್ಟಡ. 14 ಮತ್ತು 15ನೇ ಶತಮಾನದ ಕೆಲಸ. ಕಮಾನಿನ ಬಾಗಿಲು ಯಾಕೆ ಅಷ್ಟು ದೊಡ್ಡದು ಅಂತ ಇಷ್ಟು ಕೇಳಿದ ಮೇಲೆ ಯಾರಿಗಾದರೂ ಗೊತ್ತಾಗುತ್ತದೆ.

ಹಿಂದುಗಡೆ ಅಂಗಳ. ಅಲ್ಲೂ ಮೇಲ್ಗಡೆ ಒಂದು ಮೊಗಸಾಲೆ, ಮೂಲೆಗೆ ಕಲ್ಲಿನ ಮೆಟ್ಟಿಲ ಗೋಪುರ. ಆ ಸುತ್ತು ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲೂ ನಡುವೆ ಸವೆದು ತಗ್ಗಾಗಿತ್ತು. ನಮಗೆ ಸಿಕ್ಕ ಕೋಣೆಯ ನೆಲ ಕಿಟಕಿಯ ಕಡೆಗೆ ಇಳಿಜಾರು. ಮಂಚದ ಎರಡು ಕಾಲಿಗೆ ಮರದ ತುಂಡು ಕೊಟ್ಟು ಮಟ್ಟ ಮಾಡಿದ್ದರು.

ಇದು ಅಡಿಪಾಯ ಕುಸಿದು ಆದದ್ದಲ್ಲ. ಆಗಿನ ಬಡಗಿಗಳು ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಒಣಗಿದ ಮೇಲೆ ಓಕ್ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ ನೋಡಿ, ಪ್ರತಿ ಕೂಡಿಗೂ ರೋಮನ್ ಅಂಕಿಯ ಗುರುತು ಕೆತ್ತಿ, ಬಿಚ್ಚಿ, ಗಾಡಿಯಲ್ಲಿ ತಂದು, ಕಟ್ಟುವ ಜಾಗದಲ್ಲಿ ಮತ್ತೆ ಜೋಡಿಸುತ್ತಿದ್ದರು. ಮೊಳೆ ಇಲ್ಲ. ಒಂದು ತೊಲೆಯಲ್ಲಿ ಕುಳಿ, ಇನ್ನೊಂದರ ತುದಿ ಅದರೊಳಗೆ, ಅಡ್ಡಕ್ಕೆ ಓಕ್‌ನದೇ ಗೂಟ. ಎರಡು ತೂತುಗಳನ್ನು ಬೇಕೆಂದೇ ಒಂಚೂರು ಹೆಚ್ಚುಕಡಿಮೆ ಕೊರೆದಿರುತ್ತಾರೆ. ಗೂಟ ಹೊಡೆದಾಗ ಕೂಡು ತನ್ನಷ್ಟಕ್ಕೇ ಬಿಗಿದುಕೊಳ್ಳುತ್ತದೆ. ಮುಂದೆ ಮರ ಒಣಗುತ್ತಾ ಸೊಟ್ಟಗಾಗುತ್ತದೆ, ಬಾಗುತ್ತದೆ. ಆದರೆ ಬಿಟ್ಟುಕೊಳ್ಳುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ನಮ್ಮ ಕೋಣೆಯ ಮೂಲೆಯ ಕಂಬದಲ್ಲಿ ಗುರುತು ಹುಡುಕಿದೆ. ಎರಡು ಗೀಟು, ಒಂದು ಕತ್ತರಿ ಗುರುತು ಸಿಕ್ಕಿತು. ತಮ್ಮ ಆಗಲೇ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ತೋರಿಸಿದೆ.

ಮಧ್ಯಾಹ್ನದ್ದು ಹೇಳುವುದು ಬಿಟ್ಟೆ. ಊಟಕ್ಕೆ ಪ್ಲೌಮನ್ಸ್ ಲಂಚ್: ದಪ್ಪ ಬ್ರೆಡ್, ಚೆಡ್ಡರ್ ಚೀಸ್, ಈರುಳ್ಳಿ ಉಪ್ಪಿನಕಾಯಿ, ಸೇಬಿನ ಹೋಳು. ಮಾಂಸ ತಿನ್ನದವರಿಗೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಇದು ಒಳ್ಳೇ ಆಸರೆ, ಹ್ಯಾಮ್ ಬೇಡ ಅಂತ ಮೊದಲೇ ಹೇಳಬೇಕು ಅಷ್ಟೆ. ಲಂಡನ್ನಿನ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1668ರ ಜೂನ್‌ನಲ್ಲಿ ಮನೆಯವರ ಜೊತೆ ಬಾತ್‌ಗೆ ಹೋಗುವಾಗ ಇದೇ ಮನೆಯಲ್ಲಿ ಊಟ ಮಾಡಿದ್ದ. ಹತ್ತು ಶಿಲ್ಲಿಂಗ್ ಕೊಟ್ಟೆ, ಊಟ ಚೆನ್ನಾಗಿತ್ತು ಅಂತ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಊಟ ಆದಮೇಲೆ ಊರು ಸುತ್ತಲು ಹೋದಾಗ ಒಂದು ಓಣಿಯಲ್ಲಿ ಒಬ್ಬರು ತೋಟದ ಗೋಡೆ ರಿಪೇರಿ ಮಾಡುತ್ತಿದ್ದರು. ಬಕೆಟ್‌ನಲ್ಲಿ ಬಿಳಿ ಗಾರೆ. ಸಿಮೆಂಟಾ ಅಂತ ಕೇಳಿದೆ. ಕರಣೆ ಕೆಳಗಿಟ್ಟು ಜೋರಾಗಿ ತಲೆಯಾಡಿಸಿದರು. "ಸುಣ್ಣ. ಬರೀ ಸುಣ್ಣ ಮತ್ತು ಮರಳು. ಸಿಮೆಂಟ್ ಹಾಕಿದರೆ ಕಲ್ಲು ಉಸಿರು ಕಟ್ಟಿ ಸಾಯುತ್ತದೆ" ಅಂದರು. ಹಳೇ ಗೋಡೆ ಮಳೆಯಲ್ಲಿ ನೆನೆಯುತ್ತದೆ, ಬಿಸಿಲಿಗೆ ಆರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟ್ ತಡೆದುಬಿಡುತ್ತದೆ. ಆಗ ನೀರು ಕಲ್ಲಿನೊಳಗೇ ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಮರದ ಚೌಕಟ್ಟಿನ ಮನೆಗಳಲ್ಲಿ ಇನ್ನೂ ಕಷ್ಟ, ತೊಲೆಯೇ ಕೊಳೆಯುತ್ತದೆ. ನಮ್ಮಲ್ಲೂ ಹಳೇ ದೇವಸ್ಥಾನಗಳಿಗೆ ಸಿಮೆಂಟ್ ಮೆತ್ತುವುದನ್ನು ನೋಡಿ ಹೊಟ್ಟೆ ಉರಿದಿದೆ ಅಂದೆ. ಅವರು ಗ್ಲೌಸ್ ಬಿಚ್ಚಿ ಕೈ ಕುಲುಕಿದರು. ಮರದ ಚೌಕಟ್ಟಿನ ನಡುವೆ ಏನು ತುಂಬಿರುತ್ತಾರೆ ಅಂತಲೂ ಅವರೇ ವಿವರಿಸಿದರು. ಹೇಜಲ್ ಗಿಡದ ಕಡ್ಡಿ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಎರಡೂ ಕಡೆಯಿಂದ ಮೆತ್ತಿ, ಮೇಲೆ ಸುಣ್ಣ. ಕಪ್ಪು ತೊಲೆ, ಬಿಳಿ ಗೋಡೆಯ ಚಿತ್ರಗಳನ್ನು ನಾವೆಲ್ಲ ಕ್ಯಾಲೆಂಡರಿನಲ್ಲಿ ನೋಡಿದ್ದೇವಲ್ಲ, ಆ ಕಪ್ಪು ಬಣ್ಣ ಬಹಳ ಕಡೆ ವಿಕ್ಟೋರಿಯಾ ಕಾಲದ ಹುಚ್ಚು ಅಂತ ಅವರ ಅಭಿಪ್ರಾಯ. ಬಿಟ್ಟರೆ ಓಕ್ ತಾನಾಗಿಯೇ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದೇ ಚೆಂದ ಅಂದರು. ನನಗೂ ಹಾಗೇ ಅನ್ನಿಸುತ್ತದೆ.

ಸಂಜೆ ಇನ್‌ನ ಹಿತ್ತಲಿನಲ್ಲಿ ಕೂತೆವು. ಕೆಳಗೆ ಇಳಿಜಾರಿನ ಹುಲ್ಲುಗಾವಲು, ಆಚೆ ಚರ್ಚು. ಒಂಬತ್ತು ಗಂಟೆಯಾದರೂ ಬೆಳಕಿತ್ತು. ಪಕ್ಕದ ಬೆಂಚಿನಲ್ಲಿ ನಾಯಿ ಜೊತೆ ಕೂತಿದ್ದ ಹಿರಿಯರು ತಾವಾಗಿ ಮಾತಿಗೆಳೆದರು. ಊರಿನ ದೊಡ್ಡ ಕಥೆ 1685ರದ್ದು. ಮೊನ್ಮೌತ್‌ನ ಡ್ಯೂಕ್ ತನ್ನ ಚಿಕ್ಕಪ್ಪ ರಾಜ 2ನೇ ಜೇಮ್ಸ್ ವಿರುದ್ಧ ದಂಗೆ ಎದ್ದಾಗ ಅವನ ಪಡೆ ಇಲ್ಲಿ ತಂಗಿತ್ತು. ಜೂನ್ 27ರಂದು ಊರಿನ ಬೀದಿಯಲ್ಲೇ ಕಾದಾಟ ಆಯಿತು. ಡ್ಯೂಕ್ ಕಿಟಕಿಯ ಹತ್ತಿರ ನಿಂತಿದ್ದಾಗ ಯಾರೋ ಗುಂಡು ಹಾರಿಸಿದರಂತೆ, ತಪ್ಪಿತಂತೆ. ಜುಲೈ 6ರಂದು ಸೆಜ್‌ಮೂರ್‌ನಲ್ಲಿ ಅವನ ಪಡೆ ಸೋತಿತು, ಅದೇ ತಿಂಗಳು ಲಂಡನ್‌ನಲ್ಲಿ ತಲೆ ಹೋಯಿತು. "ಅವನ ಜೊತೆ ಹೋದವರೆಲ್ಲ ರೈತರು, ನೇಕಾರರು. ಕೈಯಲ್ಲಿ ಕುಡುಗೋಲು" ಅಂದರು ಹಿರಿಯರು. ಮುನ್ನೂರು ವರ್ಷ ಹಿಂದಿನದನ್ನು ನೆರೆಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದರು, ಧ್ವನಿಯಲ್ಲಿ ಇನ್ನೂ ಸಂಕಟ ಇತ್ತು.

ಶನಿವಾರ, ಗ್ಲಾಸ್ಟನ್‌ಬರಿ

ಬೆಳಿಗ್ಗೆ ಮಳೆ. ಮೆಂಡಿಪ್ ಬೆಟ್ಟಸಾಲಿನ ಮೇಲೆ ಮಂಜು ಕೂಡ ಸೇರಿ ಮುಂದಿನ ಕಾರಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಗ್ಲಾಸ್ಟನ್‌ಬರಿಗೆ ಬಂದಾಗ ಮಳೆ ನಿಂತು ಗಾಳಿ ಶುರುವಾಯಿತು.

ಹೈ ಸ್ಟ್ರೀಟ್‌ನಲ್ಲಿ ಸ್ಫಟಿಕ, ಊದುಬತ್ತಿ ಮಾರುವ ಅಂಗಡಿಗಳ ಸಾಲಿನಲ್ಲೇ ಜಾರ್ಜ್ ಅಂಡ್ ಪಿಲ್‌ಗ್ರಿಮ್ಸ್. 1475ರ ಸುಮಾರಿಗೆ ಇಲ್ಲಿನ ಮಠದ ಅಬಾಟ್, ಅಂದರೆ ಮುಖ್ಯಸ್ಥ, ಜಾನ್ ಸೆಲ್‌ವುಡ್ ಕಟ್ಟಿಸಿದ್ದು. ಇಂಗ್ಲೆಂಡಿನ ಅತಿ ಶ್ರೀಮಂತ ಮಠಗಳಲ್ಲಿ ಗ್ಲಾಸ್ಟನ್‌ಬರಿ ಒಂದು. ಯಾತ್ರಿಕರು ಬಂದು ಬಂದು ಮಠದೊಳಗೆ ಜಾಗ ಸಾಲದೆ ಹೊರಗೆ ಈ ಮನೆ ಎದ್ದಿತು.

ನಾರ್ಟನ್ ನೋಡಿ ಬಂದ ಕಣ್ಣಿಗೆ ಇದು ಬೇರೆಯೇ ಲೋಕ. ಮುಂಭಾಗ ಪೂರ್ತಿ ಕಲ್ಲು. ಗೋಡೆ ಅನ್ನುವುದಕ್ಕಿಂತ ಕಲ್ಲಿನ ಜಾಲಂದ್ರ ಅನ್ನಬಹುದು. ಇಡೀ ಮುಖವನ್ನು ಕೆಳಗಿನಿಂದ ಮೇಲಿನ ತನಕ ತೆಳುವಾದ ಕಲ್ಲಿನ ಪಟ್ಟಿಗಳಿಂದ ಉದ್ದುದ್ದ ಚೌಕಗಳಾಗಿ ಹಂಚಿದ್ದಾರೆ. ಕೆಲವು ಚೌಕದಲ್ಲಿ ಕಿಟಕಿ, ಕೆಲವು ಮುಚ್ಚಿದ ಕಲ್ಲು. ದೂರದಿಂದ ಯಾವುದು ಕಿಟಕಿ, ಯಾವುದು ಗೋಡೆ ಅಂತ ಬೇಗ ಗೊತ್ತಾಗುವುದಿಲ್ಲ. ಅದೇ ಕಾಲದ ಇಂಗ್ಲಿಷ್ ಚರ್ಚುಗಳಲ್ಲಿ ದೊಡ್ಡ ಕಿಟಕಿಗಳಿಗೆ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ತಂಗುವ ಮನೆಗೆ ತಂದಿದ್ದಾರೆ. ಒಂದು ಬದಿಗೆ ನೆಲದಿಂದ ಮೇಲಿನ ತನಕ ಏರುವ ಉಬ್ಬು ಕಿಟಕಿ. ತುದಿಯಲ್ಲಿ ಕೋಟೆಯ ತೆನೆಗಳು. ಬಾಗಿಲ ಮೇಲೆ ರಾಜ 4ನೇ ಎಡ್ವರ್ಡ್‌ನ ಲಾಂಛನ. ದೂರದಿಂದ ನಡೆದು ಬಂದ ಯಾತ್ರಿಕ ಇದನ್ನು ನೋಡಿದರೆ ಮಠ ಇಲ್ಲಿಂದಲೇ ಶುರುವಾಯಿತು ಅಂದುಕೊಳ್ಳಬೇಕು, ಅಬಾಟ್‌ಗೆ ಬೇಕಾಗಿದ್ದೂ ಅದೇ ಇರಬೇಕು. ಉಣ್ಣೆ ವ್ಯಾಪಾರಿಗೆ ಕಟ್ಟಿದ ಮನೆಗೆ ಅಗಲವಾದ ಬಾಗಿಲು, ಗಟ್ಟಿ ನೆಲ ಸಾಕಾಯಿತು. ಯಾತ್ರಿಕನ ಮನೆಗೆ ಶಿಲ್ಪ ಬೇಕಾಯಿತು.

ಒಳಗೆ ಕಲ್ಲು ಹಾಸಿದ ನಡುದಾರಿ, ಕತ್ತಲು ಮರದ ಅಡ್ಡಗೋಡೆ. "ಅಕ್ಕಾ, ತಲೆ ಬಗ್ಗಿಸು" ಅಂತ ತಮ್ಮ ಹೇಳುವಷ್ಟರಲ್ಲಿ ಬಾಗಿಲ ತೊಲೆ ನನ್ನ ಹಣೆಗೆ ಬಡಿದಿತ್ತು. ಬಾರಿನಲ್ಲಿದ್ದ ಹುಡುಗಿ ಕೇಳದೇ ಐಸ್ ಸುತ್ತಿದ ಬಟ್ಟೆ ತಂದುಕೊಟ್ಟಳು. ವಾರಕ್ಕೆ ಒಬ್ಬರಾದರೂ ಹೀಗೇ ಅಂತ ಸಮಾಧಾನ ಹೇಳಿದಳು. ಚಹಾ ಕುಡಿಯುತ್ತಾ ಅಲ್ಲೇ ಕೂತು ಸೀಸದ ಪಟ್ಟಿ ಕಟ್ಟಿದ ಕಿಟಕಿ ಗಾಜು ನೋಡಿದೆ. ದೊಡ್ಡ ಗಾಜು ಮಾಡಲು ಬರದ ಕಾಲದಲ್ಲಿ ಸಣ್ಣ ಸಣ್ಣ ತುಂಡು ಜೋಡಿಸಿಯೇ ದೊಡ್ಡ ಕಿಟಕಿ ಮಾಡುತ್ತಿದ್ದರು.

ಆಮೇಲೆ ಮಠಕ್ಕೆ ಹೋದೆವು. ಟಿಕೆಟ್ ಇದೆ, ಆದರೆ ಇನ್ ನೋಡಿದವರು ಇದನ್ನು ಬಿಡಬಾರದು. ವಿಶಾಲ ಹುಲ್ಲುಹಾಸಿನಲ್ಲಿ ಮುರಿದ ಕಮಾನುಗಳು. ಚಾವಣಿ ಇಲ್ಲ. 1539ರಲ್ಲಿ ರಾಜ 8ನೇ ಹೆನ್ರಿಯ ಆಳುಗಳು ಮಠ ಮುಚ್ಚಿಸಿದರು. ಕೊನೆಯ ಅಬಾಟ್ ರಿಚರ್ಡ್ ವೈಟಿಂಗ್ ಆಗ ಮುದುಕ. ಅವರನ್ನು ಊರಾಚೆಯ ಟಾರ್ ಗುಡ್ಡದ ಮೇಲೆ ಗಲ್ಲಿಗೇರಿಸಿದರು. ಮುಂದೆ ಇಲ್ಲಿನ ಕಲ್ಲು ಊರಿನವರ ಮನೆಗೆ, ರಸ್ತೆಗೆ ಹೋಯಿತು. ಪೂರ್ತಿಯಾಗಿ ಉಳಿದದ್ದು ಅಬಾಟ್‌ನ ಅಡುಗೆಮನೆ. ಎಂಟು ಮೂಲೆಯ ಚಾವಣಿ, ಹೊಗೆ ಹೋಗಲು ನೆತ್ತಿಯಲ್ಲಿ ಗೂಡು, ಮೂಲೆ ಮೂಲೆಗೂ ಒಲೆ.

ಹಿಂಟನ್ ಮಠಕ್ಕೂ ಅದೇ ವರ್ಷ ಅದೇ ಗತಿ. ಕಟ್ಟಿಸಿದ ಎರಡೂ ಮಠಗಳು ಪಾಳು ಬಿದ್ದವು, ಅವು ಕಟ್ಟಿಸಿದ ಎರಡೂ ಇನ್‌ಗಳು ಇವತ್ತಿಗೂ ಬಾಗಿಲು ತೆರೆದಿವೆ. ಧರ್ಮ ಬದಲಾಯಿತು, ಯಾತ್ರೆ ನಿಂತಿತು, ಆದರೆ ದಾರಿ ಇತ್ತು, ದಾರಿಯಲ್ಲಿ ಜನ ಇದ್ದರು. ಬಂದವರಿಗೆ ಬಿಸಿ ಊಟ ಬೇಕಿತ್ತು. ಹಾಗಾಗಿ ಸೋರುವ ಚಾವಣಿಯನ್ನು ಯಾರಾದರೂ ಒಬ್ಬರು ಪ್ರತಿ ಮಳೆಗಾಲಕ್ಕೆ ಮೊದಲು ಸರಿಮಾಡುತ್ತಲೇ ಬಂದರು. ಕಟ್ಟಡ ಉಳಿಯುವುದು ಇಂಥ ಕೆಲಸದಿಂದಲೇ ಅಂತ ನನಗೆ ಬಲವಾಗಿ ಅನ್ನಿಸಿದ್ದು ಆ ಮುರಿದ ಕಮಾನುಗಳ ಕೆಳಗೆ.

ಟಾರ್ ಹತ್ತಿದೆವು. ಎತ್ತರ 158 ಮೀಟರ್, ಆದರೆ ಆ ಗಾಳಿಗೆ ಇಬ್ಬರೂ ಕೈಕೈ ಹಿಡಿದುಕೊಂಡೇ ನಡೆಯಬೇಕಾಯಿತು. ಇಳಿದು ಬರುವಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಹಿಂತಿರುಗುವ ದಾರಿಯಲ್ಲಿ ಒಂದು ಹಳ್ಳಿಯ ಪಬ್‌ನಲ್ಲಿ ಕಾರು ನಿಲ್ಲಿಸಿದಾಗ ಎರಡೂಮುಕ್ಕಾಲು. ಅಡುಗೆಮನೆ ಎರಡೂವರೆಗೆ ಮುಚ್ಚಿದೆ, ಇನ್ನು ಆರು ಗಂಟೆಗೆ ಅಂದರು. ಚಿಪ್ಸ್ ಪ್ಯಾಕೆಟ್ ಮಾತ್ರ ಸಿಕ್ಕಿತು. ಹಳ್ಳಿ ಕಡೆ ಎರಡು ಗಂಟೆಯ ಒಳಗೆ ಊಟ ಹೇಳಿಬಿಡಬೇಕು. ಕಾರಿನಲ್ಲಿ ತಮ್ಮನ ಹೆಂಡತಿ ಕಟ್ಟಿಕೊಟ್ಟಿದ್ದ ಚಕ್ಕುಲಿ ಡಬ್ಬಿ ಇತ್ತು, ಸ್ವಿಂಡನ್ ಮುಟ್ಟುವಷ್ಟರಲ್ಲಿ ಖಾಲಿ.

ಭಾನುವಾರ, ಲೇಕಾಕ್

ಸ್ವಿಂಡನ್‌ನಿಂದ ಹತ್ತಿರವೇ. ಚಿಪ್ಪೆನ್‌ಹ್ಯಾಮ್ ತನಕ ರೈಲಿನಲ್ಲಿ ಬಂದು ಬಸ್ ಹಿಡಿಯಬಹುದು. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಅನ್ನುವವರು ಇಡೀ ಹಳ್ಳಿಯನ್ನು, ಅಬ್ಬೆ ಅಂತ ಕರೆಯುವ ಇಲ್ಲಿನ ಹಳೇ ಸನ್ಯಾಸಿನಿಯರ ಮಠವನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ಮೇಲೆ ತಂತಿಗಳ ಗೋಜಲಿಲ್ಲ. ಸಿನಿಮಾದವರು ಮೇಲಿಂದ ಮೇಲೆ ಬರುತ್ತಾರೆ. ಹತ್ತು ಗಂಟೆಯ ನಂತರ ಹೋದರೆ ಜನಜಂಗುಳಿ, ಬೇಗ ಹೋಗುವುದು ಒಳ್ಳೆಯದು.

ಇಲ್ಲಿಯ ಇನ್‌ನ ಹೆಸರೂ ಜಾರ್ಜ್. ಸೇಂಟ್ ಜಾರ್ಜ್ ಇಂಗ್ಲೆಂಡಿನ ಪೋಷಕ ಸಂತ, ಹಾಗಾಗಿ ಹೆಸರು ಎಲ್ಲೆಲ್ಲೂ ಸಿಗುತ್ತದೆ. ಓದು ಬಾರದವರಿಗೆ ಬೋರ್ಡಿನ ಚಿತ್ರವೇ ವಿಳಾಸ ಆಗಿತ್ತು. ಕಟ್ಟಡ 1361ರಷ್ಟು ಹಳೆಯದು ಎನ್ನುತ್ತಾರೆ. ಒಳಗೆ ದೊಡ್ಡ ಒಲೆಗೂಡು. ಅದರ ಪಕ್ಕದಲ್ಲಿ ಮರದ ಒಂದು ಚಕ್ರ. ಒಲೆಯ ಮೇಲೆ ಮಾಂಸದ ಸಲಾಕೆ ಸಮವಾಗಿ ತಿರುಗುತ್ತಿರಬೇಕಲ್ಲ, ಅದಕ್ಕೆ ಈ ಚಕ್ರದೊಳಗೆ ಒಂದು ಗಿಡ್ಡ ಕಾಲಿನ ನಾಯಿಯನ್ನು ಬಿಟ್ಟು ಓಡಿಸುತ್ತಿದ್ದರು. ಗಂಟೆಗಟ್ಟಲೆ, ಬೆಂಕಿಯ ಪಕ್ಕದಲ್ಲೇ. ಅದಕ್ಕೆಂದೇ ಸಾಕಿದ ತಳಿ ಅದು, ಈಗ ಇಲ್ಲ. ನನಗೆ ಆ ಚಕ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ. ಭಾನುವಾರದ ರೋಸ್ಟ್ ಊಟದ ದಿನ, ನನಗೆ ಬೀಜಗಳನ್ನು ಅರೆದು ಬೇಯಿಸಿದ ನಟ್ ರೋಸ್ಟ್ ಕೊಟ್ಟರು. ರುಚಿ ಸಪ್ಪೆ, ಜೊತೆಗಿನ ಹುರಿದ ಆಲೂಗಡ್ಡೆ ಮಾತ್ರ ಬಲು ಚೆನ್ನಾಗಿತ್ತು.

ಹಿಂಟನ್ ಮಠ ಸ್ಥಾಪಿಸಿದ ಏಲಾಳೇ ಲೇಕಾಕ್‌ನ ಅಬ್ಬೆಯನ್ನೂ ಸ್ಥಾಪಿಸಿದ್ದು. ಮುಂದೆ ತಾನೇ ಸನ್ಯಾಸಿನಿಯಾಗಿ ಇಲ್ಲಿಯ ಅಬ್ಬೆಸ್, ಅಂದರೆ ಮಠದ ಮುಖ್ಯಸ್ಥೆ, ಆದಳು. ನಾರ್ಟನ್‌ನಲ್ಲಿ ಉಣ್ಣೆ ವ್ಯಾಪಾರಿಗಳ ಮನೆ ಎದ್ದದ್ದಕ್ಕೂ, ಈ ಹಳ್ಳಿ ಬೆಳೆದದ್ದಕ್ಕೂ ಒಬ್ಬಳೇ ಹೆಂಗಸು ಮೂಲ ಅಂತ ಇಲ್ಲಿಗೆ ಬಂದ ಮೇಲೆ ತಿಳಿದು ತುಂಬ ಖುಷಿಯಾಯಿತು. ಮಠ ಮುಚ್ಚಿದ ಮೇಲೆ ಅಬ್ಬೆ ವಾಸದ ಮನೆ ಆಯಿತು, ಅದಕ್ಕೇ ಉಳಿಯಿತು. ಆ ಮನೆಯ ಒಂದು ಕಿಟಕಿಯನ್ನೇ 1835ರಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕ್ಯಾಮೆರಾದಲ್ಲಿ ಹಿಡಿದದ್ದು. ಉಳಿದಿರುವ ಫೋಟೊ ನೆಗೆಟಿವ್‌ಗಳಲ್ಲೇ ಅತಿ ಹಳೆಯದು ಅದು. ತಮ್ಮ ಅದೇ ಕಿಟಕಿಯ ಮುಂದೆ ನನ್ನನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದ.

ವಾಪಸು ಬರುವಾಗ ಸ್ವಿಂಡನ್‌ನ ಹಳೇ ರೈಲ್ವೆ ಕಾರ್ಖಾನೆಯ ಮುಂದೆ ಹಾದೆವು. 1784ರಲ್ಲಿ ಬ್ರಿಸ್ಟಲ್‌ನಿಂದ ಬಾತ್ ಮೂಲಕ ಲಂಡನ್ನಿಗೆ ಅಂಚೆ ಕುದುರೆಗಾಡಿ ಶುರುವಾದ ಮೇಲೆ ಈ ದಾರಿಯ ಇನ್‌ಗಳಿಗೆ ಸುಗ್ಗಿ. ಕುದುರೆ ಬದಲಿಸುವ ಲಾಯ, ಪ್ರಯಾಣಿಕರಿಗೆ ಊಟದ ಕೋಣೆ ಅಂತ ಹಿಂದಕ್ಕೆ ಹಿಂದಕ್ಕೆ ಬೆಳೆದವು. 1841ರಲ್ಲಿ ಲಂಡನ್‌ನಿಂದ ಬ್ರಿಸ್ಟಲ್ ತನಕ ರೈಲು ಪೂರ್ತಿಯಾಯಿತು. ಕೆಲವೇ ವರ್ಷದಲ್ಲಿ ಲಾಯಗಳು ಖಾಲಿ. ಎಷ್ಟೋ ಇನ್‌ಗಳ ಅಂಗಳದಲ್ಲಿ ಈಗ ಕಾರು ನಿಲ್ಲುವ ಜಾಗ ಅಂದರೆ ಆ ಲಾಯಗಳೇ.

ಸೋಮವಾರ, ಬ್ರೆಟ್‌ಫೋರ್ಟನ್

ರಜಾ ದಿನ. ಬಡಗಣಕ್ಕೆ ಕಾಟ್ಸ್‌ವೋಲ್ಡ್ ಹಳ್ಳಿಗಳನ್ನು ದಾಟಿ ಈವ್‌ಶ್ಯಾಮ್ ಬಯಲಿಗೆ ಇಳಿದೆವು. ಜೇನುಬಣ್ಣದ ಕಲ್ಲಿನ ಮನೆಗಳು ಹಿಂದೆ ಸರಿದು ಮರದ ಚೌಕಟ್ಟಿನ ಮನೆಗಳು ಶುರುವಾದವು. ಕೈಗೆ ಕಲ್ಲು ಸಿಗುವ ಊರಿನಲ್ಲಿ ಕಲ್ಲು, ಕಾಡು ಇರುವ ಊರಿನಲ್ಲಿ ಮರ.

ಬ್ರೆಟ್‌ಫೋರ್ಟನ್‌ನ ಫ್ಲೀಸ್ ಇನ್ ದೊಡ್ಡವರು ಕಟ್ಟಿಸಿದ್ದಲ್ಲ. ಮೊದಲು ಒಬ್ಬ ರೈತನ ಉದ್ದನೆಯ ಮನೆ. ಒಂದೇ ಚಾವಣಿಯಡಿ ಒಂದು ತುದಿಗೆ ದನ, ಇನ್ನೊಂದು ತುದಿಗೆ ಮನೆಯವರು. 1848ರಲ್ಲಿ ಆ ಮನೆತನದವರೇ ಪರವಾನಗಿ ಪಡೆದು ಪಬ್ ಮಾಡಿದರು. ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಮನೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟಿದ್ದರು. ಇಲ್ಲಿ ಕೋಣೆಗಳನ್ನು ಒಡೆದು ದೊಡ್ಡ ಹಾಲ್ ಮಾಡಿಲ್ಲ, ಅದೇ ನನಗೆ ಇಷ್ಟವಾದದ್ದು. ಬಿಯರ್ ಕಾಯಿಸುತ್ತಿದ್ದ ಕೋಣೆ, ಉಗ್ರಾಣ, ಪ್ಯೂಟರ್ ಅನ್ನುವ ಬೆಳ್ಳಿಬಣ್ಣದ ಲೋಹದ ತಟ್ಟೆಗಳನ್ನು ಜೋಡಿಸಿಟ್ಟ ಕೋಣೆ, ಎಲ್ಲ ಹಾಗೇ. ಒಲೆಯ ಮುಂದಿನ ಕಲ್ಲುಹಾಸಿನ ಮೇಲೆ ಬಿಳಿ ವೃತ್ತಗಳು. ಚಿಮಣಿಯಿಂದ ಮಾಟಗಾತಿಯರು ಇಳಿಯದಿರಲಿ ಅಂತ ಬರೆಯುತ್ತಿದ್ದದ್ದು.

2004ರ ಫೆಬ್ರವರಿಯಲ್ಲಿ ಹುಲ್ಲಿನ ಚಾವಣಿಗೆ ಕಿಡಿ ತಾಗಿ ಮೇಲ್ಭಾಗ ಸುಟ್ಟುಹೋಯಿತು. ನಮ್ಮ ಮೇಜಿನ ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಇದ್ದವರೆಲ್ಲ ಸಾಲಾಗಿ ನಿಂತು ತಟ್ಟೆ, ಕುರ್ಚಿ, ಗಡಿಯಾರ ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿ ಹೊರಗೆ ಸಾಗಿಸಿದರಂತೆ. "ಪ್ಯೂಟರ್ ತಟ್ಟೆ ನೋಡುವುದಕ್ಕೆ ಗಟ್ಟಿ, ಬೆಂಕಿಗೆ ಬೇಗ ಕರಗುತ್ತದೆ ಮಗಳೇ" ಅಂದರು. 2005ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮೇಲೆ ಹೊಸ ಓಕ್ ಹಾಕಿದ್ದಾರೆ, ಹಳೇ ಕ್ರಮದಲ್ಲೇ, ಗೂಟ ಹೊಡೆದು. ಹೊಸದನ್ನು ಹಳೆಯದಾಗಿ ಕಾಣಿಸುವ ಹಾಗೆ ಬಣ್ಣ ಬಳಿದಿಲ್ಲ. ಕೂಡುಗಳನ್ನು ಹತ್ತಿರದಿಂದ ನೋಡಿದೆ, ಕೆಲಸ ಅಚ್ಚುಕಟ್ಟಾಗಿದೆ. ಅಲ್ಲಲ್ಲಿ ಸೀಳು ಬಿಡಲು ಶುರುವಾಗಿದೆ, ಒಣಗುತ್ತಿದೆ.

ಈ ಬಯಲು ಆಸ್ಪರಾಗಸ್‌ಗೆ ಹೆಸರುವಾಸಿ. ಏಪ್ರಿಲ್ ಕೊನೆಯಿಂದ ಜೂನ್ 21ರ ತನಕ ಮಾತ್ರ ಕೊಯ್ಲು. ಹಿತ್ತಲಿನ ಸೇಬಿನ ಮರದ ಕೆಳಗೆ ಬೆಣ್ಣೆ ಹಾಕಿದ ಆಸ್ಪರಾಗಸ್ ತಿಂದೆವು, ಇನ್ನೊಂದು ತಟ್ಟೆ ಹೇಳಿದೆವು. ಅಜ್ಜಿ ತೋರಿಸಿದ ತೋಟದ ಗೇಟಿನಲ್ಲಿ ಎರಡು ಕಟ್ಟು ಕೊಂಡು, ಡಬ್ಬಿಗೆ ದುಡ್ಡು ಹಾಕಿ, ರಜೆಯ ಟ್ರಾಫಿಕ್ ಶುರುವಾಗುವ ಮೊದಲೇ ಸ್ವಿಂಡನ್ ದಾರಿ ಹಿಡಿದೆವು.